ಶನಿವಾರ ಇರೋದು ಕಲಿಯೋಕೋ, ಆರ್ಡರ್ ಮುಗಿಸೋಕೋ?



ನಮ್ಮ ಶಾಲೆಯಲ್ಲಿ ಮರ ಕಡೆಯುವ ಸಂಘ ಇರುವುದು ನಿಮಗೆಲ್ಲ ಗೊತ್ತೇ ಇದೆ. ಬರುವ ಶನಿವಾರದ ಸಭೆಯಲ್ಲಿ ಸಂಘದ ಮುಂದೆ ಒಂದು ದೊಡ್ಡ ವಿಷಯ ಬರಲಿದೆ. ಪೇಟೆಯ ಒಬ್ಬ ಅಂಗಡಿ ಮಾಲೀಕರು ನಮಗೆ ಆರ್ಡರ್ ಕೊಡಲು ಮುಂದೆ ಬಂದಿದ್ದಾರೆ. ಕೀಚೈನ್‌ಗೆ ಹಾಕುವ ಮರದ ಗುಂಡು, ಒಟ್ಟು 1000. ಒಂದಕ್ಕೆ 3 ರೂಪಾಯಿ. ಮರ ಅವರದೇ, ಬಣ್ಣದ ಅರಗೂ ಅವರದೇ. ಎರಡು ತಿಂಗಳಲ್ಲಿ ಮುಗಿಸಿ ಕೊಟ್ಟರೆ ಸಂಘಕ್ಕೆ 3000 ರೂಪಾಯಿ ಬರುತ್ತದೆ. ನಮ್ಮ ಸಂಘದ ಡಬ್ಬಿಯಲ್ಲಿ ಈಗ ಇರುವ ದುಡ್ಡು ಎಷ್ಟು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ನಗುತ್ತೀರಿ.

ಆದ್ದರಿಂದ ಬಹಳ ಜನ ಆರ್ಡರ್ ತಗೊಳ್ಳೋಣ ಅನ್ನುತ್ತಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಈ ಆರ್ಡರ್ ನಮಗೆ ಬೇಡ. ಯಾಕೆ ಬೇಡ ಅನ್ನುವುದನ್ನು ಸಭೆಯಲ್ಲಿ ಎದ್ದು ನಿಂತು ಹೇಳುವಷ್ಟು ಹೊತ್ತು ಸಿಗುವುದಿಲ್ಲ. ಅದಕ್ಕೇ ಗೋಡೆಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ, ಆಮೇಲೆ ಕೈ ಎತ್ತಿ.

ಸಂಘದಲ್ಲಿ ಏನು ನಡೆಯುತ್ತದೆ?

ಸಂಘಕ್ಕೆ ಸೇರದವರು ಕಿಟಕಿಯಿಂದ ಇಣುಕಿ ನೋಡಿ ಹೋಗುತ್ತಾರೆ. ಅವರಿಗಾಗಿ ಸ್ವಲ್ಪ ಹೇಳುತ್ತೇನೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹಳೆಯ ಅಡುಗೆ ಕೋಣೆಯಲ್ಲಿ ನಾವು ಸೇರುತ್ತೇವೆ. ಮೊದಲು ಹಾಜರಿ. ಆಮೇಲೆ ಹಿಂದಿನ ವಾರ ಏನು ಮಾಡಿದೆವು ಅಂತ ಕಾರ್ಯದರ್ಶಿ ಪುಸ್ತಕ ಓದುತ್ತಾನೆ. ಆಮೇಲೆ ಎರಡು ಗಂಟೆ ಲೇತಿನ ಕೆಲಸ. ಕೊನೆಗೆ ಅರ್ಧ ಗಂಟೆ ಎಲ್ಲರೂ ಮಾಡಿದ್ದನ್ನು ಮೇಜಿನ ಮೇಲೆ ಇಟ್ಟು ನೋಡುವುದು. ಸದಸ್ಯರು 22 ಜನ, ಅದರಲ್ಲಿ ಹುಡುಗಿಯರು 9. ಲೇತು ಇರುವುದು ಎರಡೇ. ಒಬ್ಬೊಬ್ಬರಿಗೆ ಅರ್ಧ ಗಂಟೆ ಸರದಿ ಕೊಟ್ಟರೆ ಒಂದು ಶನಿವಾರಕ್ಕೆ 8 ಜನ ಮುಗಿಯುತ್ತಾರೆ. ಹಾಗಾಗಿ ಮೂರು ಶನಿವಾರಕ್ಕೊಮ್ಮೆ ನಮ್ಮ ಸರದಿ ಬರುತ್ತದೆ. ಆ ಅರ್ಧ ಗಂಟೆಗೆ ನಾವು ಎಷ್ಟು ಕಾಯುತ್ತೇವೆ ಅನ್ನುವುದು ನಮಗೇ ಗೊತ್ತು.

ನಮಗೆ ಕಲಿಸುವುದು ಚಾಚಾ. ಅವರು ಬದುಕಿಡೀ ಚನ್ನಪಟ್ಟಣದ ಬೊಂಬೆ ಕೆಲಸ ಮಾಡಿದವರು. ಅವರು ಸಂಬಳ ತಗೊಳ್ಳುವುದಿಲ್ಲ, ಚಹಾ ಮಾತ್ರ ಕುಡಿಯುತ್ತಾರೆ. ಮೊದಲ ಒಂದು ತಿಂಗಳು ಅವರು ನಮ್ಮನ್ನು ಲೇತು ಮುಟ್ಟಲು ಬಿಡಲೇ ಇಲ್ಲ. ಉಳಿ ಸಾಣೆ ಹಿಡಿಯೋದು ಕಲಿಸಿದರು. ಹಸಿ ಮರ ಯಾವುದು, ಒಣಗಿದ ಮರ ಯಾವುದು ಅಂತ ಕೈಯಲ್ಲಿ ತೂಗಿ ಹೇಳುವುದನ್ನು ಕಲಿಸಿದರು. ಚೌಕದ ತುಂಡಿಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಸೇರುವ ಜಾಗವೇ ಮಧ್ಯಬಿಂದು. ಇದನ್ನು ನಾವು ಗಣಿತದ ಪುಸ್ತಕದಲ್ಲಿ ಓದಿದ್ದೆವು. ಆದರೆ ಮಧ್ಯ ಒಂದು ಕೂದಲೆಳೆ ತಪ್ಪಿದರೂ ಬುಗುರಿ ನಿಲ್ಲದೆ ಓಲಾಡುತ್ತದೆ ಅಂತ ಗೊತ್ತಾಗಿದ್ದು ಚಾಚಾ ಹತ್ತಿರ.

ಲೇತು ಮುಟ್ಟುವ ಮೊದಲು ಅವರ ನಿಯಮಗಳನ್ನು ಬಾಯಿಪಾಠ ಒಪ್ಪಿಸಬೇಕು. ಜಡೆ ಎತ್ತಿ ಕಟ್ಟಬೇಕು. ದುಪಟ್ಟಾ, ಉದ್ದ ತೋಳು, ಕೈದಾರ ಯಾವುದೂ ಇರಬಾರದು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲ ಅಂತ ನೋಡಿದ ಮೇಲೇ ಸ್ವಿಚ್. ಸ್ವಿಚ್ ಹಾಕುವಾಗ ಮರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. “ಉಳಿ ಮೊದ್ಲು ಕಂಬಿ ಮೇಲೆ ಕೂರ್ಲಿ, ಆಮೇಲೆ ಮರಕ್ಕೆ ತಾಗ್ಲಿ. ಮೊದ್ಲೇ ಮರಕ್ಕೆ ಹಿಡಿದ್ರೆ ಮರ ಉಳೀನ ಎಳ್ಕೊಳ್ಳತ್ತೆ” ಅಂತ ಅವರು ಪ್ರತಿ ಶನಿವಾರ ಹೇಳುತ್ತಾರೆ. ನಮಗೆ ಬೇಜಾರಾಗುವಷ್ಟು ಸಲ ಹೇಳುತ್ತಾರೆ. ಆದರೆ ಇವತ್ತಿನವರೆಗೆ ನಮ್ಮಲ್ಲಿ ಒಬ್ಬರಿಗೂ ಗಾಯ ಆಗಿಲ್ಲ.

ಕಲಿಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಬುಗುರಿ. ಆಮೇಲೆ ಲಟ್ಟಣಿಗೆ. ನೋಡೋಕೆ ಸುಲಭ, ಆದರೆ ಉದ್ದಕ್ಕೂ ಒಂದೇ ದಪ್ಪ ಬರುವುದು ಬಲು ಕಷ್ಟ. ಆಮೇಲೆ ಗಿಲಕಿ. ಅದಕ್ಕೆ ಒಳಗೆ ತೋಡಬೇಕು, ಮುಚ್ಚಳ ಬಿಗಿಯಾಗಿ ಕೂರಬೇಕು. ಮರ ಆರಿಸುವುದರಿಂದ ಹಿಡಿದು ಬಣ್ಣ ಹಾಕಿ ಮೆರುಗು ಕೊಡುವವರೆಗೆ ಒಂದು ವಸ್ತುವನ್ನು ಒಬ್ಬರೇ ಮಾಡಬೇಕು. ಇದು ಚಾಚಾ ಹಾಕಿದ ಷರತ್ತು.

ಇದು ಸಾಮಾನ್ಯ ವಿದ್ಯೆ ಅಲ್ಲ

ನಾವು ಹುಟ್ಟಿದಾಗಿನಿಂದ ಬೊಂಬೆ ನೋಡುತ್ತಾ ಬೆಳೆದಿರುವುದರಿಂದ ಇದರ ಬೆಲೆ ನಮಗೆ ಗೊತ್ತಾಗುವುದಿಲ್ಲ. ಬೆಂಗಳೂರು ಮೈಸೂರು ರಸ್ತೆಯಲ್ಲಿ ಹೋಗುವ ಊರಾಚೆಯ ಜನ ಚನ್ನಪಟ್ಟಣದಲ್ಲಿ ಬಸ್ಸು ನಿಂತರೆ ಬೊಂಬೆ ಅಂಗಡಿ ಕಡೆ ನೋಡುತ್ತಾರೆ. ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಇಲ್ಲಿಗೆ ಬಂತು ಅಂತ ಹಿರಿಯರು ಹೇಳುತ್ತಾರೆ. 2005–06ರ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಬೇರೆ ಊರಿನಲ್ಲಿ ಮಾಡಿದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ.

ಇದಕ್ಕೆ ಹೆಸರಾದ ಮರ ಆಲೆ ಮರ. ಬಿಳಿ ಬಣ್ಣ, ಸಣ್ಣ ಎಳೆ, ಉಳಿಗೆ ಮೆತ್ತಗೆ ಸಿಗುತ್ತದೆ. ಕಡಿದ ಮರವನ್ನು ಎರಡು ಮೂರು ತಿಂಗಳು ಒಣಗಿಸಬೇಕು. ಈಗ ರಬ್ಬರ್ ಮರ, ಸಿಲ್ವರ್ ಓಕ್ ಕೂಡ ಬಳಸುತ್ತಾರೆ. ಬಣ್ಣದ ಕೆಲಸ ಇನ್ನೂ ಸೊಗಸು. ಇಲ್ಲಿ ಕುಂಚ ಇಲ್ಲ. ಅರಗು ಅನ್ನುವುದು ಒಂದು ಸಣ್ಣ ಕೀಟ ಮರದ ಕೊಂಬೆಯ ಮೇಲೆ ಕಟ್ಟುವ ಅಂಟು. ಅದನ್ನು ಬಿಸಿ ಮಾಡಿ ಬಣ್ಣ ಬೆರೆಸಿ, ಎಳೆದು ಮಡಚಿ ಕಡ್ಡಿ ಮಾಡುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ ಬೆರೆಸುವುದುಂಟು. ತಿರುಗುವ ಮರಕ್ಕೆ ಈ ಕಡ್ಡಿ ಒತ್ತಿ ಹಿಡಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೊನೆಗೆ ತಾಳೆಗರಿ ಒತ್ತಿ ಹಿಡಿದರೆ ಕನ್ನಡಿಯಂತೆ ಮಿಂಚುತ್ತದೆ. ವಿಜ್ಞಾನದ ಮೇಷ್ಟ್ರು ಘರ್ಷಣೆಯ ಪಾಠಕ್ಕೆ ನಮ್ಮನ್ನು ಈ ಕೋಣೆಗೇ ಕರೆದುಕೊಂಡು ಬಂದಿದ್ದು ಹತ್ತನೇ ತರಗತಿಯ ಅಕ್ಕಂದಿರಿಗೂ ನೆನಪಿರಬಹುದು.

ಇನ್ನೊಂದು ಮಾತು. ನಮ್ಮ ಭಾಷೆಯಲ್ಲಿ ಮಜ್ಜಿಗೆ ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ಒಂದೇ ಮಾತು. ಕರೆಂಟು ಇಲ್ಲದ ಕಾಲದಲ್ಲಿ ಎರಡು ಕೆಲಸಕ್ಕೂ ಹಗ್ಗ ಸುತ್ತಿ ಹಿಂದೆ ಮುಂದೆ ಎಳೆಯುತ್ತಿದ್ದರು. ಹಗ್ಗ ಒಂದು ಕಡೆಗೆ ಎಳೆದಾಗ ಮಾತ್ರ ಉಳಿ ಮರ ಕತ್ತರಿಸುತ್ತದೆ, ವಾಪಸು ತಿರುಗುವಾಗ ಉಳಿ ಸ್ವಲ್ಪ ಹಿಂದಕ್ಕೆ ತೆಗೆಯಬೇಕು. ಅಷ್ಟು ತಾಳ್ಮೆಯ ಕೆಲಸ ಇದು. ಬೆಣ್ಣೆ ಬೇಗ ಬರಲಿ ಅಂತ ಅವಸರ ಮಾಡಿದರೆ ಏನಾಗುತ್ತದೆ ಅಂತ ನಮ್ಮ ಅಮ್ಮಂದಿರನ್ನು ಕೇಳಿ.

ಲೆಕ್ಕ ಹಾಕಿ ನೋಡೋಣ

ಈಗ ಆರ್ಡರ್ ವಿಷಯಕ್ಕೆ ಬರುತ್ತೇನೆ. ಬರೀ ಮಾತು ಬೇಡ, ಲೆಕ್ಕವೇ ಹಾಕೋಣ. ನನ್ನಂಥ ಇನ್ನೂ ಕಲಿಯುತ್ತಿರುವವರಿಗೆ ಒಂದು ಗುಂಡು ಕಡೆದು ಬಣ್ಣ ಹಿಡಿಸಲು 10 ನಿಮಿಷ ಬೇಕು. ಎರಡು ಲೇತು, ಎರಡು ಗಂಟೆ ಅಂದರೆ ಒಂದು ಶನಿವಾರಕ್ಕೆ 24 ಗುಂಡು. 1000 ಗುಂಡಿಗೆ 42 ಶನಿವಾರ ಬೇಕು! ಒಂದು ವರ್ಷದ ಶಾಲೆಯೇ ಮುಗಿದು ಹೋಗುತ್ತದೆ. ಮಾಲೀಕರು ಕೊಟ್ಟಿರುವುದು ಎರಡು ತಿಂಗಳು.

ಹಾಗಾದರೆ ಏನು ಮಾಡುತ್ತಾರೆ? ನಮ್ಮಲ್ಲಿ ಕೈ ಪಳಗಿದ ನಾಲ್ಕು ಹುಡುಗರಿದ್ದಾರೆ. ಅವರಿಗೆ ಒಂದು ಗುಂಡಿಗೆ 3 ನಿಮಿಷ ಸಾಕು. ಎರಡು ಲೇತಿನಲ್ಲಿ ಗಂಟೆಗೆ 40. ಆಗಲೂ 25 ಗಂಟೆ ಬೇಕು. ಎರಡು ತಿಂಗಳ 8 ಶನಿವಾರಕ್ಕೆ ಸಿಗುವುದು 16 ಗಂಟೆ. ಉಳಿದ 9 ಗಂಟೆಗೆ ಬೇರೆ ದಿನ ಸಂಜೆ ಉಳಿದುಕೊಳ್ಳಬೇಕು. ಆ ಎರಡು ತಿಂಗಳು ಉಳಿದ 18 ಜನ ಲೇತಿನ ಹತ್ತಿರ ಹೋಗುವ ಹಾಗಿಲ್ಲ. 8 ಶನಿವಾರಕ್ಕೆ ಅರ್ಧ ಗಂಟೆಯ ಸರದಿ 64. ಅಂದರೆ ಒಬ್ಬೊಬ್ಬರಿಗೆ ಸುಮಾರು ಮೂರು ಸರದಿ. ಮೂರು ಸರದಿಯಲ್ಲಿ ಒಬ್ಬರು ಬುಗುರಿ ಕಲಿತು ಮುಗಿಸಬಹುದು. 3000 ರೂಪಾಯಿಗೆ ನಾವು ಮಾರುತ್ತಿರುವುದು ಗುಂಡುಗಳನ್ನಲ್ಲ, ಈ ಸರದಿಗಳನ್ನು.

ಇದು ಬರೀ ಊಹೆ ಅಂತ ತಿಳಿಯಬೇಡಿ. ಹೋದ ವರ್ಷ ಶಾಲಾ ವಾರ್ಷಿಕೋತ್ಸವದ ಬಹುಮಾನಕ್ಕೆ ಅಂತ 60 ಪೆನ್ ಸ್ಟ್ಯಾಂಡ್ ಅವಸರದಲ್ಲಿ ಮಾಡಿದೆವು. ಆಗ ಏನಾಯಿತು ಅಂತ ನಮ್ಮ ಸಂಘದ ಪುಸ್ತಕದಲ್ಲೇ ಇದೆ, ಬೇಕಾದವರು ತೆಗೆದು ಓದಬಹುದು. ಮೂರು ಶನಿವಾರ ಆ ನಾಲ್ವರೇ ಲೇತಿನ ಮುಂದೆ. ಚಿಕ್ಕ ಹುಡುಗರು ಮರ ಹೊತ್ತು ಕೊಟ್ಟರು. ಹುಡುಗಿಯರು ಸ್ಯಾಂಡ್ ಪೇಪರ್ ಉಜ್ಜಿದೆವು, ಹೊಟ್ಟು ಗುಡಿಸಿದೆವು, ಬಂದವರಿಗೆ ಚಹಾ ತಂದೆವು. ಯಾರೂ ಬೇಕು ಅಂತ ಹಾಗೆ ಮಾಡಲಿಲ್ಲ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಅವಸರ ಬಂದ ಕೂಡಲೇ ಕೆಲಸ ತಾನಾಗೇ ಹಾಗೆ ಹಂಚಿಹೋಗುತ್ತದೆ. ಬಲ್ಲವನು ಇನ್ನೂ ಬಲ್ಲವನಾಗುತ್ತಾನೆ, ಕಲಿಯಬೇಕಾದವರ ಕೈಗೆ ಪೊರಕೆ ಬರುತ್ತದೆ. ಆ ನಾಲ್ವರಿಗಾದರೂ ಏನು ಲಾಭ? ಒಂದೇ ಗುಂಡನ್ನು 250 ಸಲ ಕಡೆದವನಿಗೆ ಗುಂಡು ಬರುತ್ತದೆ, ಗಿಲಕಿ ಬರುವುದಿಲ್ಲ.

ಎದುರು ವಾದಗಳು

ಒಬ್ಬ ಗೆಳೆಯ ನನಗೆ ಕೇಳಿದ: “ನಮ್ಮಪ್ಪ ದಿನಾ ಮಾಡೋದು ಆರ್ಡರ್ ಕೆಲಸಾನೇ. ಅದ್ರಿಂದಾನೇ ನಮ್ಮನೇಲಿ ಒಲೆ ಉರಿಯೋದು. ಅದು ಕೀಳಾ?” ಖಂಡಿತ ಕೀಳಲ್ಲ ಕಣೋ. ನಿಮ್ಮಪ್ಪನಿಗೆ ಇಡೀ ವಿದ್ಯೆ ಬರುತ್ತದೆ. ಅವರು ಅದನ್ನು ಕಲಿತು ಮುಗಿಸಿ ಆಮೇಲೆ ಆರ್ಡರ್ ಹಿಡಿದವರು. ನಾವು ಕಲಿಯುವ ಮೊದಲೇ ಆರ್ಡರ್ ಹಿಡಿಯಲು ಹೊರಟಿದ್ದೇವೆ. ಮತ್ತೊಂದು ಯೋಚನೆ ಮಾಡು. ಮಕ್ಕಳು ಶಾಲೆಯಲ್ಲಿ ಗುಂಡಿಗೆ 3 ರೂಪಾಯಿಗೆ ಮಾಡಿ ಕೊಡುತ್ತಾರೆ ಅಂತಾದರೆ ನಾಳೆ ಅದೇ ಮಾಲೀಕರು ನಿಮ್ಮಪ್ಪನಿಗೆ ಯಾಕೆ ಜಾಸ್ತಿ ಕೊಡುತ್ತಾರೆ? ನಮಗೆ ಮನೆ ಬಾಡಿಗೆ ಇಲ್ಲ, ಕರೆಂಟು ಬಿಲ್ ಶಾಲೆಯದು, ಊಟ ಅಮ್ಮ ಹಾಕುತ್ತಾಳೆ. ಹೊಟ್ಟೆಪಾಡಿಗೆ ದುಡಿಯುವವರ ಜೊತೆ ನಾವು ಪೈಪೋಟಿಗೆ ಇಳಿಯುವುದು ನ್ಯಾಯವಲ್ಲ.

ಇನ್ನು ಕೆಲವರು, ಗಾಂಧೀಜಿಯವರೇ ಶಾಲೆಯಲ್ಲಿ ದುಡಿಮೆ ಇರಬೇಕು ಅಂದಿದ್ದಾರೆ ಅನ್ನುತ್ತಾರೆ. ನಿಜ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಸಮ್ಮೇಳನ ನಡೆಯಿತು. ಒಂದು ಕೈಕಸುಬಿನ ಮೂಲಕವೇ ಎಲ್ಲ ಪಾಠ ನಡೆಯಬೇಕು, ಮಕ್ಕಳು ಮಾಡಿದ ವಸ್ತುವಿನಿಂದ ಶಾಲೆಯ ಖರ್ಚಿಗೂ ಸಹಾಯವಾಗಬೇಕು ಅನ್ನುವುದು ಅವರ ಆಸೆ. ಆದರೆ ಅದಕ್ಕೆ ಪಠ್ಯಕ್ರಮ ಬರೆದ ಡಾ. ಜಾಕಿರ್ ಹುಸೇನ್ ಸಮಿತಿ ಒಂದು ಎಚ್ಚರಿಕೆಯನ್ನೂ ಬರೆಯಿತು. ದುಡ್ಡಿನ ಕಡೆಗೆ ಒತ್ತು ಹೆಚ್ಚಾಗಿ ಕಲಿಕೆ ಹಿಂದೆ ಬೀಳುವ ಅಪಾಯ ಇದೆ ಅನ್ನುವುದೇ ಆ ಎಚ್ಚರಿಕೆ. ಸಮಾಜದ ಮೇಷ್ಟ್ರು ನನಗೆ ಇದನ್ನು ವಿವರಿಸಿ ಹೇಳಿದರು. ಗಾಂಧೀಜಿಯ ಹೆಸರು ಹೇಳುವವರು ಎರಡೂ ಮಾತನ್ನು ಒಟ್ಟಿಗೆ ಹೇಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗ್ ಇಲ್ಲದೆ ಊರಿನ ಕುಶಲಕರ್ಮಿಗಳ ಹತ್ತಿರ ಕಲಿಯಬೇಕು ಅಂತ ಇದೆ. ಕಲಿಯಬೇಕು ಅಂತ ಇದೆ, ಅವರ ಆರ್ಡರ್ ಮುಗಿಸಿ ಕೊಡಬೇಕು ಅಂತ ಇಲ್ಲ.

ಕಾನೂನಿನ ವಿಷಯವನ್ನೂ ಹಿರಿಯರು ಗಮನಿಸಬೇಕೆಂದು ವಿನಂತಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಹೊತ್ತು ಬಿಟ್ಟು ಮನೆಯವರ ಕಸುಬಿಗೆ ಸಹಾಯ ಮಾಡಬಹುದು, ಅದೂ ಅಪಾಯದ ಕೆಲಸ ಆಗಿರಬಾರದು. ನಮ್ಮ ಸಂಘದಲ್ಲಿ ಎಂಟನೇ ತರಗತಿಯ 13 ವರ್ಷದವರೂ ಇದ್ದಾರೆ. ಶಾಲೆಯ ಸಂಘದ ಆರ್ಡರ್ ಈ ಕಾಯ್ದೆಗೆ ಬರುತ್ತದೋ ಇಲ್ಲವೋ ಅದನ್ನು ದೊಡ್ಡವರು ನೋಡಲಿ. ಆದರೆ ಆ ಕಾಯ್ದೆ ಯಾಕೆ ಬಂತು ಅನ್ನುವುದು ನಮಗೂ ಅರ್ಥವಾಗುತ್ತದೆ. ಗಡುವು ಹತ್ತಿರ ಬಂದಾಗ ಜಡೆ ಕಟ್ಟಿದೆಯಾ, ಕನ್ನಡಕ ಹಾಕಿದೆಯಾ ಅಂತ ಯಾರು ಕೇಳುತ್ತಾರೆ? ಮುಂದಿನ ಗುಂಡು ಎಲ್ಲಿ ಅಂತ ಕೇಳುತ್ತಾರೆ.

ಮೂರನೇ ವಾದ, ದುಡ್ಡಿಗೆ ಏನು ಮಾಡೋದು? ಇದು ಗಟ್ಟಿ ವಾದ. ಒಂದು ಲೇತಿನ ಬೆಲ್ಟ್ ಸವೆದಿದೆ. ಎರಡು ಉಳಿ ಸಾಣೆ ಹಿಡಿದು ಹಿಡಿದು ಗಿಡ್ಡ ಆಗಿವೆ. ಕನ್ನಡಕ ನಾಲ್ಕೇ ಇವೆ. ಬರೀ ಬೇಡ ಅಂದರೆ ಸಾಲದು, ದಾರಿಯನ್ನೂ ಹೇಳಬೇಕು.

ನನ್ನ ಸಲಹೆಗಳು

ಒಂದು, ಆ ಅಂಗಡಿ ಮಾಲೀಕರನ್ನು ನಾವು ಬೈಯುವುದು ಬೇಡ. ಅವರ ಹತ್ತಿರ ಆರ್ಡರ್ ಬದಲು ಕಾರ್ಖಾನೆಯಲ್ಲಿ ಉಳಿಯುವ ತುಂಡು ಮರ ಕೇಳೋಣ. ಅವರಿಗೆ ಅದು ಸೌದೆ, ನಮಗೆ ಬುಗುರಿ. ತೋಟಗಳಲ್ಲಿ ಸವರಿದ ಬೇವು, ಸಿಲ್ವರ್ ಓಕ್ ಕೊಂಬೆಗಳನ್ನೂ ತಂದು ನೆರಳಿನಲ್ಲಿ ಒಣಗಿಸಬಹುದು. ಕೈ ಪಳಗಿಸೋಕೆ ಆಲೆ ಮರವೇ ಆಗಬೇಕಿಲ್ಲ.

ಎರಡು, ಬೆಲ್ಟ್ ಮತ್ತು ಕನ್ನಡಕ ಸುರಕ್ಷತೆಯ ವಸ್ತು. ಅದಕ್ಕೆ ಮಕ್ಕಳು ದುಡಿಯಬೇಕಾಗಿಲ್ಲ. ಎಸ್‌ಡಿಎಂಸಿಗೆ ಸಂಘದಿಂದ ಒಂದು ಮನವಿ ಬರೆಯೋಣ. ಬರೆಯಲು ನಾನು ತಯಾರಿದ್ದೇನೆ. ಪತ್ರಲೇಖನದ ಪಾಠಕ್ಕೂ ಅಭ್ಯಾಸ ಆಗುತ್ತದೆ.

ಮೂರು, ವಾರ್ಷಿಕೋತ್ಸವದ ದಿನ ಒಂದು ಮೇಜು ಹಾಕೋಣ. ಅದರ ಮೇಲೆ 22 ಜನರ ವಸ್ತುಗಳು, ಪ್ರತಿಯೊಂದರ ಕೆಳಗೆ ಮಾಡಿದವರ ಹೆಸರು. ಬುಗುರಿ, ಲಟ್ಟಣಿಗೆ, ಗಿಲಕಿ ಏನಾದರೂ ಇರಲಿ. ಬೇಕಾದವರು ಕೊಂಡುಕೊಳ್ಳಲಿ, ದುಡ್ಡು ಸಂಘದ ಡಬ್ಬಿಗೆ. ಇದೂ ವ್ಯಾಪಾರವೇ ತಾನೇ ಅಂತ ಕೇಳಬಹುದು. ಹೌದು, ಆದರೆ ಇಲ್ಲಿ ಕಲಿತಿದ್ದನ್ನು ಮಾರುತ್ತೇವೆ. ಅಲ್ಲಿ ಮಾರಬೇಕಾದ್ದನ್ನು ಮಾತ್ರ ಕಲಿಯುತ್ತೇವೆ. ಎರಡಕ್ಕೂ ಅಜಗಜಾಂತರ.

ನಾಲ್ಕು, ಸಭೆಯ ಕೊನೆಯ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ಬಿಡಬಾರದು. ಬೇರೆ ದೇಶಗಳಲ್ಲಿ ಮರ ಕಡೆಯುವವರ ಸಂಘಗಳು ಬಹಳ ಇವೆ. ಅಮೆರಿಕದಲ್ಲಿ ಇವರದೇ ಒಂದು ರಾಷ್ಟ್ರಮಟ್ಟದ ಸಂಘ 1986ರಲ್ಲಿ ಶುರುವಾಯಿತು, ಊರೂರಿನಲ್ಲಿ ಅದರ ಶಾಖೆಗಳಿವೆ. ಅಲ್ಲಿ ಸೇರುವವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗಲ್ಲ, ಖುಷಿಗೆ ಕಡೆಯುವವರು. ಅವರ ಸಭೆಯಲ್ಲೂ ಒಬ್ಬರು ಮಾಡಿ ತೋರಿಸುತ್ತಾರೆ, ಆಮೇಲೆ ಎಲ್ಲರೂ ತಮ್ಮ ವಸ್ತು ಮೇಜಿನ ಮೇಲೆ ಇಟ್ಟು ಮಾತಾಡುತ್ತಾರೆ. ಅಷ್ಟು ದೂರದ ಜನ ಇಷ್ಟಪಟ್ಟು ಮಾಡುವ ಕೆಲಸದ ತವರಿನಲ್ಲಿ ಕುಳಿತು ನಾವು ಅದೇ ಅರ್ಧ ಗಂಟೆಯನ್ನು ಉಳಿಸಿಕೊಳ್ಳಲಾರೆವೇ? ಮೇಜಿನ ಮೇಲೆ ಓಲಾಡುವ ಬುಗುರಿಯೂ ಬರಲಿ. ಅದು ಯಾಕೆ ಓಲಾಡುತ್ತದೆ ಅಂತ ಕೇಳುವುದರಲ್ಲೇ ಪಾಠ ಇದೆ.

ಐದು, ಸರದಿ ಪಟ್ಟಿಯನ್ನು ಗೋಡೆಗೆ ಅಂಟಿಸೋಣ. ಲೇತಿನ ಸರದಿಯೂ ಅದರಲ್ಲೇ, ಕಸ ಗುಡಿಸುವ ಸರದಿಯೂ ಅದರಲ್ಲೇ, ಚಹಾ ತರುವ ಸರದಿಯೂ ಅದರಲ್ಲೇ. 22 ಹೆಸರೂ ಮೂರು ಕಡೆಯೂ ಇರಲಿ.

ಚಾಚಾ ಅವರನ್ನೂ ಈ ಆರ್ಡರ್ ಬಗ್ಗೆ ಕೇಳಿದೆವು. “ನಿಮ್ಮ ಸಂಘ, ನೀವೇ ತೀರ್ಮಾನ ಮಾಡ್ಕೊಳ್ಳಿ” ಅಂದರು, ಅಷ್ಟೇ. ಆದ್ದರಿಂದ ಅವರ ಹೆಸರನ್ನು ನಾನು ನನ್ನ ಕಡೆಗೆ ಎಳೆದುಕೊಳ್ಳುವುದಿಲ್ಲ, ಎದುರು ಕಡೆಯವರೂ ಎಳೆದುಕೊಳ್ಳಬಾರದು. ಅವರಿಗೆ ವಯಸ್ಸಾಗಿದೆ. ಇನ್ನೆಷ್ಟು ಶನಿವಾರ ಬರುತ್ತಾರೋ ಹೇಳಲಾಗದು. ಅವರ ಕೈಯಲ್ಲಿರುವುದನ್ನು ನಮ್ಮ ಕೈಗೆ ದಾಟಿಸಿಕೊಳ್ಳಲು ನಮಗಿರುವುದು ಈ ಶನಿವಾರಗಳು ಮಾತ್ರ. ದುಡ್ಡು ಈ ವರ್ಷ ಬರದಿದ್ದರೆ ಮುಂದಿನ ವರ್ಷ ಬಂದೀತು.

ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಇದೆ. ನಮ್ಮ ಕೈ ಕೆಸರಾಗಲಿ, ಅರಗಿನ ಬಣ್ಣವೂ ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಇಪ್ಪತ್ತೆರಡು ಜನರ ಕೈಯೂ ಆಗಲಿ.

ಇದು ನನ್ನ ಅನಿಸಿಕೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ, ಪಕ್ಕದಲ್ಲೇ ಅಂಟಿಸೋಣ. ಸಂಘದ ಸದಸ್ಯರು ಶನಿವಾರ ತಪ್ಪದೆ ಸಭೆಗೆ ಬನ್ನಿ.

– ಸಂಘದ ಒಬ್ಬ ಸದಸ್ಯೆ, ಒಂಬತ್ತನೇ ತರಗತಿ